ಬ್ರೆಜಿಲ್ ದೊಡ್ಡ ದೇಶ

ನಮ್ಮ ವಿಶ್ವಕೋಶದಲ್ಲಿ ಒಬ್ಬ ಮನುಷ್ಯ ಸಾಯಬೇಕಾದರೆ ಅದನ್ನು ಯಾರಾದರೂ ಮೊದಲು ಅಚ್ಚು ಹಾಕಿಸಿರಬೇಕು. ಪತ್ರಿಕೆಯೋ ಪುಸ್ತಕವೋ ಆಯೋಗದ ವರದಿಯೋ, ಏನಾದರೊಂದು ಆಕರ ಬೇಕು. ಕಣ್ಣಾರೆ ಕಂಡೆ ಎಂದರೆ ಸಾಲದು. ಅಂಗಿ ಎತ್ತಿ ಬೆನ್ನ ಮೇಲಿನ ಬಾಸುಂಡೆ ತೋರಿಸಿದರೂ ಸಾಲದು. ಈ ಕಾನೂನು ನಾನು ಮಾಡಿದ್ದಲ್ಲ. ಆದರೆ ಇದನ್ನು ದೋನ್ಯಾ ನಿಕನೋರಾ ಎಂಬ ಹಿರಿಯಮ್ಮನಿಗೆ ತಿಳಿಸಿ ಹೇಳುವ ಕರ್ಮ ಮಾತ್ರ ಪ್ರತಿ ಸಲ ನನ್ನ ಪಾಲಿಗೇ ಬರುತ್ತಿತ್ತು.

ನಾವು ಮೂವರು ಶನಿವಾರ ಮಧ್ಯಾಹ್ನದ ನಿದ್ದೆ ಮುಗಿಸಿ ರಾಜಧಾನಿ ಅಸುನ್ಸಿಯೋನ್‌ನ ನಮ್ಮ ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತೇವೆ. ಅಂತರ್ಜಾಲದ ವಿಶ್ವಕೋಶದಲ್ಲಿ ನಮ್ಮ ದೇಶದ ರಾಜಕೀಯ ಇತಿಹಾಸದ ಪುಟಗಳನ್ನು ಬರೆಯುವುದು, ತಿದ್ದುವುದು, ಕಂಡವರು ಬಂದು ಕೆಡಿಸಿ ಹೋದದ್ದನ್ನು ಮತ್ತೆ ಸರಿಮಾಡುವುದು ನಮ್ಮ ಕೆಲಸ. ಸಂಬಳವಿಲ್ಲ, ಬೈಗುಳ ಧಾರಾಳ. 'ಜನರಲ್ ಕಾಲದಲ್ಲಿ ಬಾಗಿಲು ತೆರೆದಿಟ್ಟು ಮಲಗುತ್ತಿದ್ದೆವು' ಎಂದು ಹಳೆಯ ಸರ್ವಾಧಿಕಾರಿಯನ್ನು ಹೊಗಳಿ ಕೊಚ್ಚಿಕೊಳ್ಳುವ ಜನ ನಮ್ಮಲ್ಲಿ ಇನ್ನೂ ಇದ್ದಾರೆ. ಹೌದಪ್ಪಾ, ಪೊಲೀಸರಿಗೆ ಬಾಗಿಲು ಒಡೆಯುವ ಶ್ರಮ ತಪ್ಪುತ್ತಿತ್ತು ಎಂದು ನಾನು ಒಮ್ಮೆ ಚರ್ಚಾಪುಟದಲ್ಲಿ ಬರೆದು ಎಲ್ಲರ ಕೆಂಗಣ್ಣಿಗೆ ಗುರಿಯಾಗಿದ್ದೆ.

ನಾನು ನಿಮಿಯಾ, ಭೂಗೋಳದ ನಿವೃತ್ತ ಟೀಚರು. ವಿದಾಲ್ ಇನ್ಸೌರಾಲ್ದೆಗೆ ಸಣ್ಣದೊಂದು ಮುದ್ರಣಾಲಯವಿದೆ, ನನಗಿಂತ ಸ್ವಲ್ಪ ಚಿಕ್ಕವನು, ಮಾತು ಕಡಿಮೆ. ಮೂರನೆಯವನು ದೆರ್ಲಿಸ್, ಇಬ್ಬರು ಮಕ್ಕಳ ತಂದೆ, ಗುಮಾಸ್ತ. ವಿಶ್ವಕೋಶದಲ್ಲಿ ಅವನಿಗೆ ನಿರ್ವಾಹಕನ ಅಧಿಕಾರವಿದೆ, ಅಂದರೆ ಪುಟಕ್ಕೆ ಬೀಗ ಹಾಕಬಲ್ಲ, ತಂಟೆಕೋರರನ್ನು ಹೊರಗಟ್ಟಬಲ್ಲ. ನಿಯಮ ಅಂದರೆ ಅವನಿಗೆ ಮನೆದೇವರು. ಈ ಹುಡುಗನ ಎದೆ ಸೀಳಿದರೆ ರಕ್ತ ಬರುವುದಿಲ್ಲ, ಅಡಿಟಿಪ್ಪಣಿ ಬರುತ್ತದೆ ಎಂದು ನಾನು ಅವನೆದುರಿಗೇ ಹೇಳುತ್ತಿದ್ದೆ. ಅವನು ನಕ್ಕು, ತೆರೆರೆ ಎಂಬ ನಮ್ಮ ಸೊಪ್ಪಿನ ಪಾನೀಯಕ್ಕೆ ತಣ್ಣೀರು ಹೊಯ್ದು, ಲೋಟವನ್ನು ಸರದಿಯಂತೆ ಮುಂದಿನವರಿಗೆ ದಾಟಿಸುತ್ತಿದ್ದ.

ದೋನ್ಯಾ ನಿಕನೋರಾ ಕಂತೇರೋ ತಾಕ್ವಾರತಿ ಎಂಬ ಹಳ್ಳಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಎಂಬತ್ತು ದಾಟಿದ ಜೀವ. ಕಂಕುಳಲ್ಲಿ ಬಟ್ಟೆಗಂಟು, ಅದರೊಳಗೆ ಬಿಸಿ ಆರದ ಚಿಪಾ ರೊಟ್ಟಿಗಳು. ಬಾಗಿಲಲ್ಲೇ ನಿಂತು ಕೇಳುತ್ತಿದ್ದರು.

"ಏನ್ ಮಗಳೇ, ನಮ್ ಕ್ರಿಸ್ಪೀನ್ ಇನ್ನೂ ಬ್ರೆಜಿಲ್‌ನಲ್ಲೇ ಇದ್ದಾನಾ?"

"ಇದ್ದಾನೆ ದೋನ್ಯಾ. ಆಕರ ಸಿಕ್ಕಿಲ್ಲ."

"ನಾನಿದ್ದೀನಲ್ಲೇ, ಅವನ ಜೊತೆ ಹುಟ್ಟಿದೋಳು. ನಾನು ಆಕರ ಅಲ್ವಾ?"

"ನೀವು ಅಚ್ಚಾಗಿಲ್ವಲ್ಲ."

"ಅಚ್ಚು ಹಾಕ್ಸು ಹಾಗಾದ್ರೆ. ಈ ವಿದಾಲ್ ಮೆಷಿನ್‌ನಲ್ಲಿ ನನ್ನನ್ನ ತಳ್ಳು, ಆ ಕಡೆಯಿಂದ ಪುಸ್ತಕ ಆಗಿ ಬರ್ತೀನಿ!"

ನಗುತ್ತಿದ್ದೆವು. ಆದರೆ ನಗುವ ವಿಷಯವಾಗಿರಲಿಲ್ಲ. ಅವರ ತಮ್ಮ ಕ್ರಿಸ್ಪೀನ್ ಶಾಲಾ ಮೇಷ್ಟ್ರು, ತಾಕ್ವಾರತಿಯ ರೈತರ ಸಹಕಾರ ಸಂಘದ ಕಾರ್ಯದರ್ಶಿ. ಜನರಲ್‌ನ ಪೊಲೀಸರು ಆ ಸಂಘವನ್ನು ಮುರಿದ ವಾರ ಕಾಣೆಯಾದ. ಅವನು ಯಾವಳೋ ಹೆಂಗಸಿನ ಜೊತೆ ಗಡಿ ದಾಟಿ ಬ್ರೆಜಿಲ್‌ಗೆ ಓಡಿಹೋದ ಎಂದು ಆಗಿನ ಸರ್ಕಾರಿ ಪತ್ರಿಕೆ ಬರೆಯಿತು. ಸುಳ್ಳೋ ನಿಜವೋ, ಅಚ್ಚಾಗಿತ್ತು. ಹಾಗಾಗಿ ನಮ್ಮ ಪುಟದಲ್ಲೂ ಅದೇ ಇತ್ತು: 'ಪತ್ರಿಕಾ ವರದಿಯಂತೆ ಬ್ರೆಜಿಲ್‌ಗೆ ತೆರಳಿದರು. ನಂತರದ ಮಾಹಿತಿ ಲಭ್ಯವಿಲ್ಲ.' ತಾಕ್ವಾರತಿಯ ಶಾಲೆಯ ಮಕ್ಕಳು ಫೋನಿನಲ್ಲಿ ಇದನ್ನು ಓದಿ, 'ನಿಮ್ಮ ತಮ್ಮ ಹೆಂಗಸಿನ ಹಿಂದೆ ಓಡಿಹೋದ್ನಂತೆ ಅಜ್ಜಿ' ಎಂದು ನಿಕನೋರಾರನ್ನೇ ಕೇಳುತ್ತಿದ್ದರು. ಪೊಲೀಸರ ಹಳೆಯ ಕಡತಗಳಲ್ಲಿ ಹುಡುಕಿದ್ದೆವು, ಅವನ ಹೆಸರಿರಲಿಲ್ಲ. ಸರ್ಕಾರ ಬದಲಾದ ಮೇಲೆ ಸತ್ಯಶೋಧನೆಗೆ ಬಂದ ಆಯೋಗದ ವರದಿಯಲ್ಲೂ ಇರಲಿಲ್ಲ. ಆಗ ಮನೆಯವರು ಯಾಕೆ ಹೆಸರು ಕೊಡಲಿಲ್ಲವೋ ನಮಗೆ ತಿಳಿದಿರಲಿಲ್ಲ. ಕೇಳಿದರೆ ಮುದುಕಿ ಹೆಗಲ ಶಾಲು ಸರಿಮಾಡಿಕೊಂಡು, "ಆಗ ಕಾಯ್ತಾ ಇದ್ದೆ" ಎನ್ನುತ್ತಿದ್ದರು.

ಈ ಪುಟವನ್ನು ಮೊದಲು ಬರೆದವನು ವಿದಾಲ್. ಅವನ ಅಪ್ಪ ಅನಸ್ತಾಸಿಯೋ, ಕ್ರಿಸ್ಪೀನ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಅದೇ ವಾರ ಸಿಕ್ಕಿಬಿದ್ದು ವರ್ಷಗಟ್ಟಲೆ ಜೈಲಿನಲ್ಲಿದ್ದ. ಬಿಡುಗಡೆಯಾಗಿ ಬಂದು, ಮುದುಕನಾಗಿ, ಹಾಸಿಗೆಯಲ್ಲೇ ಸತ್ತ. ಅವನನ್ನು ಹಿಡಿದುಕೊಟ್ಟವನು ಯಾರು ಎನ್ನುವುದು ಆ ಮನೆಯ ಹುಣ್ಣು. ಪೊಲೀಸರಿಗೆ ಸುದ್ದಿ ಮುಟ್ಟಿಸುವವನಿಗೆ ನಮ್ಮಲ್ಲಿ ಪುರಾಗ್ವೆ ಎನ್ನುತ್ತಾರೆ. ಕಾಲಲ್ಲಿ ಕೂದಲಿರುವವನು, ಸಪ್ಪಳವಾಗದಂತೆ ಬಂದು ಕಿಟಕಿಗೆ ಕಿವಿ ಕೊಟ್ಟು ಹೋಗುವವನು. ಎದುರುಮನೆಯ ಕ್ಷೌರಿಕನೇ ಆ ಪುರಾಗ್ವೆ ಎಂದು ವಿದಾಲ್‌ನ ತಾಯಿ ತೀರ್ಮಾನಿಸಿದ್ದಳು. ಕ್ಷೌರಿಕ ಸತ್ತಾಗ ಇವರ ಮನೆಯಿಂದ ಒಬ್ಬರೂ ಹೋಗಲಿಲ್ಲ.

ಹೀಗಿರುವಾಗ ಕಮಿಷನರ್ ಗೌತೋ ಎಂಬ ನಿವೃತ್ತ ಪೊಲೀಸ್ ಅಧಿಕಾರಿ ಆತ್ಮಕಥೆ ಬರೆದ. ದೆರ್ಲಿಸ್ ಅದನ್ನು ಕೊಂಡು ತಂದು ಮೇಜಿನ ಮೇಲಿಟ್ಟು, ಒಂದು ಪುಟ ತೆರೆದು ನಮ್ಮ ಕಡೆ ತಳ್ಳಿದ. ನಾನೇ ಗಟ್ಟಿಯಾಗಿ ಓದಿದೆ.

'ತಾಕ್ವಾರತಿಯ ಕಂತೇರೋ ವಿಚಾರಣೆಗೆ ಸಹಕರಿಸಿದ. ಸಂಗಡಿಗರ ಹೆಸರುಗಳನ್ನು ತಾನೇ ಕೊಟ್ಟ. ಅನಸ್ತಾಸಿಯೋ ಇನ್ಸೌರಾಲ್ದೆಯನ್ನು ಎದುರಿಗೆ ನಿಲ್ಲಿಸಿದಾಗ ಗುರುತು ಹಿಡಿದ. ಮರುದಿನ ಅವನ ಹೃದಯ ನಿಂತಿತು. ದೇಹವನ್ನು ನದಿಗೆ ಒಪ್ಪಿಸಬೇಕಾಯಿತು. ಬ್ರೆಜಿಲ್ ಕಥೆ ನಮ್ಮ ಇಲಾಖೆಯದು.'

ಕೊನೆಯ ಸಾಲುಗಳು ನನ್ನ ಬಾಯಲ್ಲಿ ತಡವರಿಸಿದವು. ವಿದಾಲ್ ಪುಸ್ತಕ ತೆಗೆದುಕೊಂಡು ತಾನೊಮ್ಮೆ ಓದಿದ. ತನ್ನ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು, ಅಚ್ಚು ಹೇಗೆ ಮೂಡಿದೆ ಎಂದು ನೋಡುವವನಂತೆ ಹಾಗೇ ಕೂತ.

"ಆಕರ ಸಿಕ್ತು" ಎಂದ ದೆರ್ಲಿಸ್, ಮೆಲ್ಲಗೆ. "ಕಮಿಷನರ್ ಹೇಳಿದ್ದು ಅಂತ ಹೆಸರು ಹಾಕಿ ಬರೀಬಹುದು."

"ಸತ್ತದ್ದು, ನದಿಗೆ ಹಾಕಿದ್ದು, ಇಷ್ಟು ಬರೆದ್ರೆ ಆಯ್ತಲ್ಲ" ಎಂದೆ ನಾನು.

"ಆಗಲ್ಲ ಟೀಚರ್. ಒಂದೇ ಪುಟದಲ್ಲಿ ನಮಗೆ ಬೇಕಾದ್ದನ್ನ ಆರಿಸ್ಕೊಂಡು ಬೇಡದ್ದನ್ನ ಬಿಡೋ ಹಾಗಿಲ್ಲ. ಜನರಲ್ ಕಡೆಯೋರು ಹಾಗೆ ಮಾಡಿದ್ರೆ ನೀವೇ ಕೋಲು ಹಿಡ್ಕೊಂಡು ಹೋಗ್ತೀರಾ. ಬರೆದ್ರೆ ಪೂರ್ತಿ ಬರೀಬೇಕು, ಇಲ್ಲಾಂದ್ರೆ ಬಿಡಬೇಕು."

"ಬಿಡೋಣ ಹಾಗಾದ್ರೆ! ಕೊಂದವನ ಮಾತು ನಂಬಿ ಸತ್ತವನ ಮುಖಕ್ಕೆ ಮಸಿ ಬಳೀಬೇಕಾ? ಎಲುಬಿಲ್ಲದ ನಾಲಿಗೆ ಅವನದು."

"ನದಿಗೆ ಹಾಕಿದ್ದು ಅಂತ ಅವನೇ ಒಪ್ಪಿರೋದೂ ಅದೇ ನಾಲಿಗೇಲಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಆ ಮುದುಕಿಗೆ ಏನ್ ಹೇಳ್ತೀಯಾ? ನಿನ್ನ ತಮ್ಮ ಸತ್ತ, ಆದ್ರೆ ಪುರಾಗ್ವೆ ಆಗಿ ಸತ್ತ ಅಂತಾನಾ? ಇದೇ ವಿದಾಲ್ ಅಪ್ಪನ್ನ ಹಿಡಿದುಕೊಟ್ಟೋನು ಅವನೇ ಅಂತಾನಾ? ಅವ್ರ ಎದೆ ಒಡೆದುಹೋಗುತ್ತೆ ಕಣೋ. ಈ ವಯಸ್ಸಲ್ಲಿ ಯಾಕೆ? ಇನ್ನೆಷ್ಟು ದಿನ ಇದ್ದಾರು, ಸುಮ್ಮನೆ ಇರ್ಲಿ."

ನಮ್ಮಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪುವವರೆಗೆ ಮಾತಾಡಬೇಕು, ಅದೇ ಕ್ರಮ. ಅವತ್ತು ಸಂಜೆಯವರೆಗೆ ಮಾತಾಡಿದೆವು. ವಿದಾಲ್ ಒಂದೇ ಒಂದು ಮಾತು ಹೇಳಿದ, "ನನಗೆ ಗೊತ್ತಾಗ್ತಿಲ್ಲ." ಕೊನೆಗೆ ನಾನು ಗೆದ್ದೆ. ಪುಟ ಹೇಗಿದೆಯೋ ಹಾಗೇ ಇರಲಿ, ದೋನ್ಯಾಗೆ ಪುಸ್ತಕದ ಸುದ್ದಿಯೇ ಬೇಡ ಎಂದಾಯಿತು. ದೆರ್ಲಿಸ್ ಹೂಂ ಎನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ನಾನದನ್ನು ಒಪ್ಪಿಗೆ ಎಂದೇ ತಿಳಿದೆ. ದೊಡ್ಡ ಪುಣ್ಯದ ಕೆಲಸ ಮಾಡಿದೆ ಎನ್ನುವ ನೆಮ್ಮದಿಯಲ್ಲಿ ಮನೆಗೆ ಹೋದೆ, ಸುಳ್ಳು ಹೇಳುವುದೇಕೆ.

ಮುಂದಿನ ಶನಿವಾರ ದೋನ್ಯಾ ನಿಕನೋರಾ ಬಂದರು. ಬಟ್ಟೆಗಂಟು ಇರಲಿಲ್ಲ. ಕಪ್ಪು ಉಡುಪಿತ್ತು. ಬಾಗಿಲಲ್ಲಿ ನಿಲ್ಲದೆ ನೇರವಾಗಿ ಒಳಗೆ ಬಂದು ವಿದಾಲ್‌ನ ಎದುರಿನ ಕುರ್ಚಿಯಲ್ಲಿ ಕೂತರು.

"ನಿಮ್ಮಪ್ಪನ ಹೆಸರು ಹೇಳಿದೋನು ನನ್ನ ತಮ್ಮ ಅಂತೆ ಮಗಾ" ಎಂದರು. "ಅವನ ಪರವಾಗಿ ಕ್ಷಮೆ ಕೇಳೋಕೆ ಬಂದೆ. ಕೊಡೋದು ಬಿಡೋದು ನಿನಗೆ ಸೇರಿದ್ದು."

ನಾನು ಎದ್ದು ನಿಂತೆ. "ಯಾರ್ ಹೇಳಿದ್ದು ನಿಮಗೆ?"

"ನಾನೇ" ಎಂದ ದೆರ್ಲಿಸ್. "ಮಂಗಳವಾರ ರಜೆ ಹಾಕಿ ತಾಕ್ವಾರತಿಗೆ ಹೋಗಿ ಓದಿ ಹೇಳಿದೆ."

"ಒಪ್ಪಂದ ಆಗಿತ್ತಲ್ಲೋ!"

"ಪುಟದ ಬಗ್ಗೆ ಆಗಿತ್ತು ಟೀಚರ್. ಪುಟ ಮುಟ್ಟಿಲ್ಲ ನಾನು."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಇಷ್ಟು ವರ್ಷ ನಿಯಮ ನಿಯಮ ಎಂದವನು, ನಿಯಮದ ಸಂದಿಯಲ್ಲೇ ನುಸುಳಿ ಹೋಗಿ ಮುದುಕಿಯ ಎದೆಗೆ ಚೂರಿ ಹಾಕಿ ಬಂದಿದ್ದಾನೆ ಎಂದು ಬಾಯಿಗೆ ಬಂದಂತೆ ಬೈದೆ. ದೋನ್ಯಾ ಕೈಯೆತ್ತಿ ನನ್ನನ್ನು ತಡೆದರು.

"ಬೈಬೇಡ. ಬರೀರಿ, ಎಲ್ಲಾನೂ ಬರೀರಿ. ಹೆಸರು ಹೇಳಿದ ಅಂದ್ರೆ ಅವನು ಅವ್ರ ಕೈಲಿ ಇದ್ದ ಅಂತ ಆಯ್ತಲ್ಲ? ಬ್ರೆಜಿಲ್‌ನಲ್ಲಿ ಕೂತೋನು ಇಲ್ಲಿ ಪೊಲೀಸರಿಗೆ ಹೆಸರು ಹೇಳೋಕಾಗುತ್ತಾ? ಓಡಿಹೋದ ಅನ್ನೋದಕ್ಕಿಂತ ಇದೇ ವಾಸಿ. ಹೊಡೆದ್ರೆ ಯಾರಾದ್ರೂ ಹೇಳ್ತಾರೆ. ನಾನೂ ಹೇಳ್ತಿದ್ದೆ, ನೀನೂ ಹೇಳ್ತಿದ್ದೆ."

"ಹೊಡೆದ್ರು ಅಂತ ಪುಸ್ತಕದಲ್ಲಿಲ್ಲ ದೋನ್ಯಾ" ಎಂದ ದೆರ್ಲಿಸ್, ತಲೆ ತಗ್ಗಿಸಿ. "ಸಹಕರಿಸಿದ ಅಂತಿದೆ. ಹೊಡೆತದ ಮಾತು ಬರೆಯೋಕೆ ಬೇರೆ ಆಕರ ಬೇಕು."

ಆಗ ವಿದಾಲ್ ತನ್ನ ಚೀಲಕ್ಕೆ ಕೈ ಹಾಕಿ ಆಯೋಗದ ವರದಿಯ ಒಂದು ದಪ್ಪ ಸಂಪುಟ ಹೊರತೆಗೆದ. ವಾರವಿಡೀ ಹೊತ್ತುಕೊಂಡೇ ತಿರುಗಿದ್ದನೆಂದು ಕಾಣುತ್ತದೆ, ಹೊದಿಕೆ ಬೆವರಿಗೆ ಸುಕ್ಕಾಗಿತ್ತು.

"ಇದೆ" ಎಂದ. "ಅಪ್ಪನ ಹೇಳಿಕೆ. ಅಚ್ಚಾಗಿದೆ. ನಾನಿದನ್ನ ಎಷ್ಟು ಸಲ ಓದಿದೀನೋ, ಅವನ್ಯಾರು ಅಂತ ಹೋದ ವಾರದವರೆಗೆ ಗೊತ್ತಿರ್ಲಿಲ್ಲ."

ಓದಿದ.

'ಒಬ್ಬನನ್ನು ಎಳೆದು ತಂದರು. ಮುಖ ಊದಿ ಮುಖವಾಗಿ ಉಳಿದಿರಲಿಲ್ಲ. ಬೆರಳುಗಳಲ್ಲಿ ಉಗುರಿರಲಿಲ್ಲ. ಇವನೇನಾ ಎಂದು ನನ್ನನ್ನು ತೋರಿಸಿ ಕೇಳಿದರು. ತಲೆ ಎತ್ತಲೂ ಆಗದೆ ಇದ್ದವನು ಹೌದೆಂದು ಆಡಿಸಿದ. ಅವನು ಯಾರೆಂದು ನನಗೆ ತಿಳಿಯಲಿಲ್ಲ. ಊರಿನವನಲ್ಲ.'

"ಅಪ್ಪ ಕತ್ತಲಲ್ಲಿ ಬರೀ ಕೆಮ್ಮು ಕೇಳಿ ಊರಿನೋರು ಇಂಥೋರೇ ಅಂತ ಗುರುತು ಹಿಡೀತಿದ್ದ" ಎಂದ ವಿದಾಲ್. "ಕೂಡಿ ಓದಿದ ಗೆಳೆಯನ ಗುರುತು ಸಿಗಲಿಲ್ವಂತೆ. ಊರಿನವನಲ್ಲ ಅಂತ ಬೇರೆ ಸೇರಿಸಿದಾನೆ. ಕ್ರಿಸ್ಪೀನ್ ಹೆಸರು ಕೆಡಬಾರ್ದು ಅಂತ ಆಯೋಗದ ಮುಂದೇನೇ ಸುಳ್ಳು ಹೇಳಿದ್ದ ದೋನ್ಯಾ. ಪಾಪ ಆ ಕ್ಷೌರಿಕ, ನಮ್ಮಮ್ಮನ ಶಾಪ ಹೊತ್ಕೊಂಡೇ ಸತ್ತ. ಅಪ್ಪ ಬಾಯಿ ಬಿಡಲಿಲ್ಲ."

ದೆರ್ಲಿಸ್ ಗಂಟಲು ಸರಿಮಾಡಿಕೊಂಡ. ನನಗೆ ಗೊತ್ತಿತ್ತು ಏನು ಬರುತ್ತದೆಂದು. ನಮ್ಮಲ್ಲಿ ಇನ್ನೊಂದು ನಿಯಮವಿದೆ. ಎರಡು ಆಕರಗಳನ್ನು ಹೊಲಿದು, ಎರಡರಲ್ಲೂ ಇಲ್ಲದ ಮೂರನೆಯ ಮಾತನ್ನು ನಾವಾಗಿ ಹುಟ್ಟಿಸುವಂತಿಲ್ಲ. ಗೌತೋ ಪುಸ್ತಕದಲ್ಲಿ ಹೆಸರಿದೆ, ಉಗುರು ಕಿತ್ತದ್ದಿಲ್ಲ. ವರದಿಯಲ್ಲಿ ಕಿತ್ತ ಉಗುರಿದೆ, ಹೆಸರಿಲ್ಲ. ಅವನೇ ಇವನು ಎಂದು ಹೇಳಲು ನಾವ್ಯಾರು?

"ಸೇರಿಸಲ್ಲ" ಎಂದ ವಿದಾಲ್, ಅವನು ಬಾಯಿ ತೆರೆಯುವ ಮೊದಲೇ. "ಒಂದರ ಪಕ್ಕ ಒಂದು ಇಡ್ತೀನಿ. ಮಧ್ಯೆ ಪೂರ್ಣವಿರಾಮ. ಓದೋರಿಗೆ ಕಣ್ಣಿದೆ."

ದೆರ್ಲಿಸ್ ಪರದೆಯಲ್ಲಿ ಕ್ರಿಸ್ಪೀನ್ ಪುಟ ತೆರೆದ. ಆಮೇಲೆ, "ಪಕ್ಕ ಇಡಬಾರ್ದು ಅಂತ ನಿಯಮ ಇದೆಯೋ ಇಲ್ವೋ, ಇವತ್ತು ನಾನು ಹುಡುಕಲ್ಲ" ಎಂದು ಕುರ್ಚಿ ಬಿಟ್ಟುಕೊಟ್ಟ.

ವಿದಾಲ್ ಬೆರಳಚ್ಚು ಮಾಡತೊಡಗಿದ. ನನಗೆ ಕಣ್ಣು ತುಂಬಿ ಬಂದಿತ್ತು. ಅನಸ್ತಾಸಿಯೋ ಎಂಥ ದೊಡ್ಡ ಮನುಷ್ಯ, ತನ್ನನ್ನು ಹಿಡಿದುಕೊಟ್ಟವನ ಮಾನವನ್ನು ಸಾಯುವವರೆಗೆ ಕಾಪಾಡಿದನಲ್ಲ ಎಂದು ದೋನ್ಯಾರ ಕೈ ಹಿಡಿದು ಹೇಳಬೇಕೆಂದಿದ್ದೆ. ಕೈ ಹಿಡಿದೆ. ಅದು ಮರಗಟ್ಟಿದಂತಿತ್ತು.

"ಹಾಗಾದ್ರೆ ನಿಮ್ಮಪ್ಪನಿಗೆ ಗೊತ್ತಿತ್ತು" ಎಂದರು ಅವರು.

ವಿದಾಲ್‌ನ ಬೆರಳು ನಿಂತವು.

"ಜೈಲಿಂದ ಬಂದ ಮೇಲೆ ಪ್ರತಿ ಭಾನುವಾರ ನಮ್ಮ ಜಗಲಿಗೆ ಬರ್ತಿದ್ದ ನಿಮ್ಮಪ್ಪ. ಕೂತು ತೆರೆರೆ ಕುಡೀತಿದ್ದ. ಬೇಲಿ ಕಟ್ಟಿಕೊಟ್ಟ, ಮಾಡಿನ ಹೆಂಚು ಹೊದಿಸಿಕೊಟ್ಟ. ಎಂಥಾ ಒಳ್ಳೆ ಮನುಷ್ಯ ಅಂತಿದ್ಲು ನಮ್ಮಮ್ಮ. ಕ್ರಿಸ್ಪೀನ್‌ದು ಏನಾದ್ರೂ ಸುದ್ದಿ ಬಂತಾ ಅನಸ್ತಾಸಿಯೋ ಅಂತ ನಾನು ಕೇಳ್ತಿದ್ದೆ. ಪ್ರತಿ ಸಲ ಕೇಳ್ತಿದ್ದೆ. ಏನಂತಿದ್ದ ಗೊತ್ತಾ? ಬ್ರೆಜಿಲ್ ದೊಡ್ಡ ದೇಶ ನಿಕನೋರಾ ಅಂತಿದ್ದ."

ದೋನ್ಯಾ ವಿದಾಲ್‌ನ ಮುಖವನ್ನೇ ನೋಡುತ್ತಾ ಮುಂದುವರಿಸಿದರು.

"ಗಡಿಯಾಚೆ ಪೊಸಾದಾಸ್‌ನವನೊಬ್ಬ ನನ್ನನ್ನ ಮದುವೆಗೆ ಕೇಳ್ಕೊಂಡು ಬಂದಿದ್ದ. ಬಡಗಿ. ಒಳ್ಳೇವ್ನು, ನಕ್ರೆ ಕೆನ್ನೇಲಿ ಗುಳಿ ಬೀಳ್ತಿತ್ತು. ನದಿ ಆಚೆ ಬಾ ಅಂದ. ನಾನು ಹೋಗಲಿಲ್ಲ. ಕ್ರಿಸ್ಪೀನ್ ಬಂದು ಬಾಗಿಲು ತಟ್ಟಿದ್ರೆ ತೆಗೆಯೋರ್ಯಾರು ಅಂತ. ಆಯೋಗದೋರು ಊರಿಗೆ ಬಂದು ಸತ್ತೋರ ಹೆಸರು ಕೊಡಿ ಅಂದಾಗ ಕೊಡ್ಲಾ ಬೇಡ್ವಾ ಅಂತ ನಿಮ್ಮಪ್ಪನ್ನೇ ಕೇಳಿದೆ. ಬದುಕಿರೋನ ಹೆಸರು ಸತ್ತೋರ ಜೊತೆ ಯಾಕೆ ಬರೆಸ್ತೀಯಾ ಅಂದ. ನಾನು ಬರೆಸಲಿಲ್ಲ." ದನಿ ಏರಲಿಲ್ಲ, ಅದೇ ನನಗೆ ತಡೆಯಲಾಗದ್ದು. "ಕ್ರಿಸ್ಪೀನ್ ಮಾನ ಉಳಿಸಿದ, ಸರಿ. ನನ್ನ ಆಯಸ್ಸು ಯಾರು ಉಳಿಸ್ತಾರೆ ಮಗಾ?"

"ನಿಮಗೆ ನೋವಾಗಬಾರ್ದು ಅಂತ..." ಎಂದ ವಿದಾಲ್. ಅಳುತ್ತಿದ್ದ.

"ಗೊತ್ತು. ನೋವಾಗಬಾರ್ದು ಅಂತಾನೇ."

ಹೇಳಿ ನನ್ನ ಕಡೆ ತಿರುಗಿದರು. ದೆರ್ಲಿಸ್ ಅವರಿಗೆ ಎಷ್ಟು ಹೇಳಿದ್ದನೋ, ಏನು ಬಿಟ್ಟಿದ್ದನೋ ನನಗೆ ತಿಳಿಯದು. ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನ ಬಾಯಿಂದ ಬಂದ ಆ ಮಾತೇ ನನ್ನ ಕಿವಿಯಲ್ಲಿ ಗುಂಯ್ಗುಟ್ಟಿತು: ಇನ್ನೆಷ್ಟು ದಿನ ಇದ್ದಾರು, ಸುಮ್ಮನೆ ಇರಲಿ. ನಾಚಿಕೆಯಿಂದ ಹಿಡಿದ ಕೈ ಬಿಟ್ಟೆ.

"ಉಳಿಸು ಮಗಾ" ಎಂದರು ವಿದಾಲ್‌ಗೆ. "ನಿಮ್ಮಪ್ಪನ ಹೆಸರೂ ಇರ್ಲಿ, ನನ್ನ ತಮ್ಮಂದೂ ಇರ್ಲಿ."

ಅವನು ಗುಂಡಿ ಒತ್ತಿದ. ಬ್ರೆಜಿಲ್ ಇದ್ದ ಸಾಲು ಹೋಗಿ ಅಲ್ಲಿ ನಾಲ್ಕು ಹೊಸ ಸಾಲು ಬಂದವು. ಅದು ಪತ್ರಿಕೆಯ ಸುಳ್ಳು, ಇಲಾಖೆ ಕಟ್ಟಿದ ಕಥೆ ಎನ್ನುವುದೂ ಅದರಲ್ಲಿತ್ತು. ದೋನ್ಯಾ ಕನ್ನಡಕ ತಂದಿರಲಿಲ್ಲ, ಓದಿ ಹೇಳಿ ಎಂದರು. ದೆರ್ಲಿಸ್ ಓದಿದ. 'ಸಹಕರಿಸಿದ' ಎನ್ನುವ ಪದವನ್ನು ನುಂಗದೆ, ತೇಲಿಸದೆ, ಇದ್ದ ಹಾಗೇ ಓದಿದ. ಉಗುರಿನ ಸಾಲನ್ನೂ ಹಾಗೇ ಓದಿದ. ಅವರು ಕಣ್ಣು ಮುಚ್ಚಿ ಕೇಳಿದರು, ಇನ್ನೊಮ್ಮೆ ಎಂದರು, ಅವನು ಇನ್ನೊಮ್ಮೆ ಓದಿದ.

ಆಮೇಲೆ ಮೇಜು ಹಿಡಿದು ಎದ್ದರು. ಊರಿನ ಬಸ್ಸಿಗೆ ಹೊತ್ತಾಗಿತ್ತು. ನಾನು ನನ್ನ ಚೀಲ ಹೆಗಲಿಗೇರಿಸಿ, "ನಡೀರಿ ದೋನ್ಯಾ, ನಿಲ್ದಾಣದವರೆಗೆ ನಾನು ಬರ್ತೀನಿ" ಎಂದೆ. ಯಾವಾಗಲೂ ನಾನೇ ಹೋಗುತ್ತಿದ್ದೆ, ತೋಳು ಹಿಡಿದು, ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಾ.

"ನೀನು ಬೇಡ ಮಗಳೇ" ಎಂದರು. "ಈ ಹುಡುಗ ಬರ್ಲಿ."

ದೆರ್ಲಿಸ್ ಬಂದು ತೋಳು ಕೊಟ್ಟ. ಇಬ್ಬರೂ ನಿಧಾನವಾಗಿ ಹೊರಗೆ ಹೋದರು. ನಾನು ಚೀಲ ಹೊತ್ತುಕೊಂಡೇ ನಿಂತಿದ್ದೆ.